ತ್ರೀ ಲೇಮ್ ಫಾಲ್ಕನರ್ಸ್ ಬ್ಯಾಂಡಿನ ಕಂಚಿನ ಗಂಟೆ

ಶನಿವಾರ, ಮಾರ್ಚ್ ೧೪, ೧೯೯೮. ಬೆಳಿಗ್ಗೆ ಹತ್ತೂಕಾಲು ಗಂಟೆ, ಸ್ಟರ್ಲಿಂಗ್.

ಕಾರು ತೊಳೆಯೋಣ ಎಂದು ಬಕೆಟ್ ಹಿಡಿದು ಹೊರಟವಳು ಸೀಟಿನ ಕೆಳಗೆ ಕೈ ಹಾಕಿದೆ. ಒಣಗಿದ ಫ್ರೆಂಚ್ ಫ್ರೈ, ಲ್ಯಾನ್‌ಹ್ಯಾಮ್ ದೇವಸ್ಥಾನದ ಕುಂಕುಮದ ಪೊಟ್ಟಣ, ಒಂದು ಕ್ಯಾಸೆಟ್. ಫ್ರೈ ಎಸೆದೆ, ಕುಂಕುಮ ಡ್ಯಾಶ್‌ಬೋರ್ಡಿನ ಮೇಲಿಟ್ಟೆ, ಕ್ಯಾಸೆಟ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ಕಾರು ಇವತ್ತು ತೊಳೆಯುವುದಿಲ್ಲ ಎಂದು ಆಗಲೇ ಅನುಮಾನ ಬಂತು. ನನ್ನ ಅನುಮಾನಗಳು ಸಾಮಾನ್ಯವಾಗಿ ನಿಜವಾಗುತ್ತವೆ, ಆದರೆ ನನ್ನ ವಿಷಯದಲ್ಲಿ ಮಾತ್ರ. ಬೇರೆಯವರ ವಿಷಯದಲ್ಲಿ ಅವು ಎಷ್ಟು ಸಲ ಸುಳ್ಳಾಗಿವೆ ಎಂಬುದಕ್ಕೂ ನನ್ನ ಡೈರಿಯಲ್ಲಿ ಲೆಕ್ಕವಿದೆ. ಅದನ್ನು ಇಲ್ಲಿ ಕೊಡುವುದಿಲ್ಲ.

ಈ ಚಾಳಿ ಹಳೆಯದು. ಮೈಸೂರಿನಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದಾಗ ರೇಡಿಯೋದಲ್ಲಿ ಕೇಳುಗರು ಕೋರಿದ ಹಾಡು ಹಾಕುತ್ತಿದ್ದರು. ಹಾಡಿಗಿಂತ ಉದ್ದವಾಗಿ ಕೋರಿದವರ ಹೆಸರು ಓದುತ್ತಿದ್ದರು. ಆ ಹೆಸರುಗಳೆಲ್ಲ ನಿಲಯದವರೇ ಕಟ್ಟಿದ್ದು ಎಂದು ನನಗೆ ಗುಮಾನಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ನಿಂತ ಗೆರೆ, ಒಂದು ಅಡ್ಡಗೆರೆ ಎಳೆಯುತ್ತ ಒಂದು ಮಳೆಗಾಲ ಪೂರ್ತಿ ಗುರುತು ಹಾಕಿದೆ. ಒಂದೇ ಊರಿನ ಒಂದೇ ಕುಟುಂಬ, ಅಪ್ಪ ಅಮ್ಮ ಮೂವರು ಮಕ್ಕಳು, ವಾರ ತಪ್ಪದೆ ಬರುತ್ತಿತ್ತು. ಗೆದ್ದೆ ಎಂದುಕೊಂಡು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಗೆರೆಗಳನ್ನೆಲ್ಲ ನೋಡಿ, "ಪಾಪ, ಅವರಿಗೆ ಹಾಡು ಅಂದ್ರೆ ಇಷ್ಟ ಕಣೆ" ಅಂದರು. ಅಷ್ಟೇ. ಒಂದು ಮಳೆಗಾಲದ ಶ್ರಮ.

ಕ್ಯಾಸೆಟ್ಟಿಗೆ ಬರುತ್ತೇನೆ. ಇದು ತ್ರೀ ಲೇಮ್ ಫಾಲ್ಕನರ್ಸ್ ಎಂಬ ಬ್ಯಾಂಡಿನದು. ಮೂವರು ಕುಂಟ ಗಿಡುಗಗಾರರು ಎಂದು ಅರ್ಥ. ಕ್ಯಾಸೆಟ್ಟಿನ ಚಿತ್ರದಲ್ಲಿ ಐದು ಜನ ಇದ್ದಾರೆ, ಯಾರೂ ಕುಂಟುತ್ತಿಲ್ಲ, ಗಿಡುಗ ಎಲ್ಲೂ ಇಲ್ಲ. ನನ್ನಂಥವಳಿಗೆ ಇಷ್ಟು ಸಾಕಲ್ಲ. ಹೋದ ವರ್ಷ ಆಫೀಸಿನಲ್ಲಿ ಪಕ್ಕದ ಮೇಜಿನ ಡಗ್ ಇದನ್ನು ಕೊಟ್ಟದ್ದು. "ಆರುನೂರು ವರ್ಷ ಹಿಂದಿನ ಹಳ್ಳಿ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್ ಜೋಡಿಸಿದ್ದಾರೆ, ನಿನಗೆ ಇಷ್ಟ ಆಗಲ್ಲ" ಎಂದು ಹೇಳಿಯೇ ಕೊಟ್ಟ.

ಇಷ್ಟವಾಯಿತು. ಮೊದಲು ಮರದ ಕೊಳಲು ಒಂದೇ ಬರುತ್ತದೆ, ದನ ಮೇಯಿಸುವವನ ಹಾಗೆ, ಅವಸರವಿಲ್ಲದೆ. ಆಮೇಲೆ ಹರ್ಡಿ-ಗರ್ಡಿ. ಇದು ಹಿಡಿಕೆ ತಿರುಗಿಸಿದರೆ ಒಳಗೆ ಚಕ್ರ ತಂತಿಗೆ ಉಜ್ಜುವ ವಾದ್ಯ. ರುಬ್ಬುವ ಕಲ್ಲಿಗೂ ಪಿಟೀಲಿಗೂ ಮದುವೆ ಮಾಡಿಸಿದರೆ ಹುಟ್ಟುವ ಕೂಸು ಹೀಗೇ ಅಳಬಹುದು. ಅದರ ಹಿಂದೆ ಇದ್ದಕ್ಕಿದ್ದಂತೆ ಡ್ರಮ್, ಬಾಸ್, ಸಿಂಥಸೈಜರ್ ಎಲ್ಲ ಒಟ್ಟಿಗೆ ಬಿದ್ದು, ಹಾಡು ಏಳು ಎಣಿಕೆಗೆ ಹೋಗಿ, ಹನ್ನೊಂದಕ್ಕೆ ಹೋಗಿ, ಮತ್ತೆ ನಾಲ್ಕಕ್ಕೆ ಬಂದು ಏನೂ ಆಗಿಲ್ಲವೆಂಬಂತೆ ಕೂರುತ್ತದೆ. ಚಿಕ್ಕಂದಿನಲ್ಲಿ ಎರಡು ವರ್ಷ ಸಂಗೀತ ಕಲಿತು ಬಿಟ್ಟವಳು ನಾನು. ಹಾಡು ಮರೆತಿದೆ, ತಾಳ ಎಣಿಸುವುದು ಮರೆತಿಲ್ಲ. ಇಲ್ಲಿನ ಡಲಸ್ ವಿಮಾನ ನಿಲ್ದಾಣದ ಪಕ್ಕದ ರಸ್ತೆಯಲ್ಲಿ ಸ್ಟೀರಿಂಗ್ ಮೇಲೆ ಬೆರಳು ಮಡಿಸುತ್ತ ಹೋಗುತ್ತಿದ್ದೆ.

ಕ್ಯಾಸೆಟ್ಟಿನೊಳಗಿನ ಮಡಿಕೆ ಕಾಗದದಲ್ಲಿ ಬ್ಯಾಂಡಿನ ಚರಿತ್ರೆ ಇತ್ತು. ಡರ್ಹಮ್‌ನ ಒಂದು ಗರಾಜಿನಲ್ಲಿ ಶುರುವಾಯಿತಂತೆ. ಹರ್ಡಿ-ಗರ್ಡಿಯ ವಾಲ್ಟರ್ ಅದನ್ನು ಫ್ರಾನ್ಸಿನ ಒಬ್ಬ ಮುದುಕನಿಂದ ಪಡೆದನಂತೆ. ಹಾಡುಗಾರ್ತಿ ಡೀನಾಗೆ ಹಾಡುಗಳು ಬೆಟ್ಟದೂರಿನ ಅಜ್ಜಿಯಿಂದ ಬಂದವಂತೆ. ಡ್ರಮ್ ಬಾರಿಸುವ ಕರ್ಟಿಸ್ ಹತ್ತಿರ ಒಂದು ಗಂಟೆಯಿದೆಯಂತೆ. ಹಿಮಾಲಯದ ಮಠದ್ದು, ಅದರ ಮೇಲಿನ ಲಿಪಿಯನ್ನು ಈವರೆಗೆ ಯಾರೂ ಓದಿಲ್ಲವಂತೆ. ಇಷ್ಟು ಅಂತೆಗಳು ಒಂದೇ ಪುಟದಲ್ಲಿ. ನಾನು ಪ್ರತಿಯೊಂದರ ಎದುರೂ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಆಮೇಲೆ ಆ ಗಂಟೆಯ ಚಿತ್ರವನ್ನು ನೋಡಿದೆ.

ಅದು ಗಂಟೆಯಲ್ಲ, ತಟ್ಟೆ. ಹಗ್ಗದಲ್ಲಿ ನೇತು ಹಾಕಿದ್ದರು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅಕ್ಷರ. ಕಾಗದವನ್ನು ತಿರುಗಿಸಿ, ಮನೆ ಮಾಲೀಕರ ಮಗಳು ಅನಿತಾಳ ಸ್ಕೂಲಿನ ಭೂತಗನ್ನಡಿ ಇಟ್ಟು ನೋಡಿದೆ. "ರಿಜಾಗೆ" ಎಂದು ಇತ್ತು. ನಮ್ಮ ಪಾತ್ರೆ ಅಂಗಡಿಗಳಲ್ಲಿ ಮದುವೆಗೆ ಕೊಡುವ ಪಾತ್ರೆಗೆ ಉಳಿ ಇಟ್ಟು ಹೆಸರು ಹಾಕಿಕೊಡುತ್ತಾರಲ್ಲ, ಅದೇ ಕೈ.

ಇಲ್ಲಿ ಗಿರಿಜಾ ಆಂಟಿಯ ವಿಷಯ ಹೇಳಬೇಕು. ಅನಿತಾ ಅವರ ಮಗಳು, ಆಗ ಹದಿನಾಲ್ಕು ವರ್ಷ. ಆ ಮನೆಯ ಬೇಸ್‌ಮೆಂಟಿನಲ್ಲಿ ನಾನು ಬಾಡಿಗೆಗಿದ್ದೇನೆ. ಆಂಟಿ ಹುಬ್ಬಳ್ಳಿಯವರು, ಅಂಕಲ್ ಎಂಜಿನಿಯರ್. ಸ್ಟರ್ಲಿಂಗಿಗೆ ಬರುವ ಮುಂಚೆ ದಕ್ಷಿಣಕ್ಕೆ ನಾಲ್ಕೈದು ಗಂಟೆ ದಾರಿಯ ಡರ್ಹಮ್‌ನಲ್ಲಿದ್ದರು. ನಾನು ಬಂದ ಮೊದಲ ವಾರವೇ ಆಂಟಿ ಊಟಕ್ಕೆ ಕರೆದು, ಸ್ಟೀಲ್ ತಟ್ಟೆ ಇಟ್ಟು, "ಗಂಗಾಳದಾಗ ಹಾಕಬೇಕಿತ್ತವಾ ನಿನಗ. ನಮ್ಮವ್ವ ಕೊಟ್ಟಿದ್ದು. ಕಂಚಿಂದು. ಹೋತು ಅದು" ಅಂದಿದ್ದರು. ಗಂಗಾಳ ಎಂದರೆ ಅವರ ಕಡೆಯ ಊಟದ ತಟ್ಟೆ.

"ಎಲ್ಲಿ ಹೋಯ್ತು ಆಂಟಿ?"

"ಎಲ್ಲಿ ಹೋತು ಅಂದ್ರ, ಹೋತು" ಅಂದು ಸಾರು ಬಡಿಸಿದರು.

ಅಂಕಲ್ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಮೊದಲ ಅನುಮಾನ ನನಗೆ ಅವರ ಮೇಲೆಯೇ. ಮನೆ ಬಿಡುವಾಗ ಅಂಗಳದಲ್ಲಿ ಹಳೆಯ ಸಾಮಾನು ಮಾರುವುದು ಇಲ್ಲಿನ ಪದ್ಧತಿ, ಗಂಡಸರಿಗೆ ಪಾತ್ರೆಗಳ ಬೆಲೆ ತಿಳಿಯುವುದಿಲ್ಲ. ಎರಡನೆಯದು ಸಾಮಾನು ಸಾಗಿಸಿದವರ ಮೇಲೆ. ಆದರೆ ಆಂಟಿಯ ಮುಖ್ಯ ಅನುಮಾನ ಬೇರೆ ಕಡೆ ಇತ್ತು. ಅದು ಹೊರಬರಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ಡರ್ಹಮ್‌ನಲ್ಲಿ ಅವರ ಬೀದಿಯ ಆಚೆ ಬದಿಗೆ ನಸೀಮಾ ಆಂಟಿ ಇದ್ದರು. ಮೈಸೂರಿನವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಇಬ್ಬರೂ ಒಂದೇ ಕಾರಿನಲ್ಲಿ ಸಾಮಾನು ತರುತ್ತಿದ್ದರಂತೆ. ಅನಿತಾಗೆ ಕೂದಲು ಬಾಚಿ ಸ್ಕೂಲ್ ಬಸ್ಸಿಗೆ ಹತ್ತಿಸುತ್ತಿದ್ದವರು ನಸೀಮಾ ಆಂಟಿಯಂತೆ. ರಮ್‌ಜಾನಿಗೆ ಶ್ಯಾವಿಗೆ ಪಾಯಸ ಆ ಕಡೆಯಿಂದ, ಸಂಕ್ರಾಂತಿಗೆ ಶೇಂಗಾ ಹೋಳಿಗೆ ಈ ಕಡೆಯಿಂದ. ಸ್ಟರ್ಲಿಂಗಿಗೆ ಹೊರಡುವ ವಾರ ಸಂಕ್ರಾಂತಿ ಬಂತು. ಮೆಟ್ಟಿಲ ಮೇಲಿನ ಐಸಿನಲ್ಲಿ ಜಾರಿ ಗಿರಿಜಾ ಆಂಟಿಯ ಕಾಲು ಉಳುಕಿತ್ತು. ಪಾತ್ರೆಯೆಲ್ಲ ಪ್ಯಾಕ್ ಆಗಿದ್ದವು. ಹೊರಗೆ ಉಳಿದದ್ದು ಆ ಗಂಗಾಳ ಒಂದೇ. ಅದರಲ್ಲಿ ಹೋಳಿಗೆ ಇಟ್ಟು, ಮೇಲೆ ಕರ್ಚೀಫು ಮುಚ್ಚಿ, ಪಕ್ಕದ ಮನೆಗೆ ಕೊಟ್ಟು ಬಾ ಎಂದು ನಸೀಮಾ ಆಂಟಿಯ ಕೈಗೆ ಕೊಟ್ಟಿದ್ದರು. ಹೊಸ ಮನೆಯಲ್ಲಿ ಡಬ್ಬ ಬಿಚ್ಚಿದಾಗ ಗಂಗಾಳ ಇರಲಿಲ್ಲ. ಹೋಳಿಗೆ ಅಲ್ಲಿ ಇಳಿಸಿ, ಖಾಲಿ ಗಂಗಾಳವನ್ನು ನಸೀಮಾ ತನ್ನ ಮನೆಗೇ ಒಯ್ದಿರಬೇಕು ಎಂಬುದು ಆಂಟಿಯ ಲೆಕ್ಕ.

"ಕೇಳಬೇಕಿತ್ತು ಆಂಟಿ, ಒಂದು ಫೋನ್ ಮಾಡಿ."

"ಹೋಳಿಗಿ ಕೊಟ್ಟ ಗಂಗಾಳ ತಿರುಗಿ ಕೇಳತಾರೇನವಾ ಯಾರರ? ಅವರಾಗೇ ಕೊಡಬೇಕು. ಏನರ ಹಾಕಿ ಕೊಡಬೇಕು, ಒಂದು ಚಮಚೆ ಸಕ್ಕರಿ ಆದ್ರೂ. ನಮ್ಮವ್ವ ಜೀವನದಾಗ ಕೇಳಿದಾಕಿ ಅಲ್ಲ."

ಹಾಗಾಗಿ ಕೇಳಲಿಲ್ಲ. ಬದಲಿಗೆ ಫೋನಿನಲ್ಲಿ ಮಾತು ಚಿಕ್ಕದಾಯಿತು. ರಮ್‌ಜಾನಿಗೆ ನಸೀಮಾ ಆಂಟಿ ಮಾಡಿದಾಗ "ಹೂಂ, ಆರಾಮ" ಎಂದಷ್ಟೇ. ಮೂರು ವರ್ಷ ಅವರೇ ಮಾಡಿದರು, ಆಮೇಲೆ ನಿಲ್ಲಿಸಿದರು. ನಿಲ್ಲಿಸಿದ್ದೇ ಗಿರಿಜಾ ಆಂಟಿಗೆ ರುಜುವಾತಾಯಿತು. ಒಮ್ಮೆ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ, ಈ ಕಥೆ ಕೇಳಿದ ಒಬ್ಬರು, "ಅಂಥವರ ಕೈಗೆ ಕೊಟ್ಟಿದ್ದೇ ನಿಮ್ಮ ತಪ್ಪು" ಅಂದರು. ಗಿರಿಜಾ ಆಂಟಿ ತುತ್ತು ಇಳಿಸಿ, "ಅಂಥವರು ಅಂದ್ರ ಎಂಥವರ್ರೀ? ನನ್ನ ಮಗಳಿಗೆ ಜ್ವರ ಬಂದಾಗ ಎರಡು ರಾತ್ರಿ ಕೂತಾಕಿ ಅಕಿ. ನೀವು ಬಂದಿದ್ರೇನು?" ಎಂದು ಕೇಳಿ, ಎಲೆ ಎತ್ತಿಕೊಂಡು ಬೇರೆ ಸಾಲಿಗೆ ಹೋದರು. ಬರುವಾಗ ಕಾರಿನಲ್ಲಿ ನನಗೆ ಮಾತ್ರ ಕೇಳುವ ಹಾಗೆ, "ಆದ್ರೂ ಗಂಗಾಳ ಅಕೀ ಕಡೇನ ಐತಿ" ಅಂದರು. ಇದನ್ನು ನಾನು ಅವತ್ತಿನ ಡೈರಿಯಲ್ಲಿ ಇದ್ದ ಹಾಗೇ ಬರೆದಿಟ್ಟೆ. ಒಬ್ಬರೇ ಮನುಷ್ಯರು ಅರ್ಧ ಗಂಟೆಯಲ್ಲಿ ಎರಡನ್ನೂ ಹೇಳಬಹುದು ಎಂಬುದು ನನಗೆ ಹೊಸದು.

ಹೀಗಿರುವಾಗ ಕ್ಯಾಸೆಟ್ಟಿನಲ್ಲಿ ಆ "ರಿಜಾಗೆ" ಕಂಡಿತ್ತು. ಹೇಳಲೋ ಬೇಡವೋ. ಗಿರಿಜೆಯರು ಲೋಕದಲ್ಲಿ ಬಹಳ ಇದ್ದಾರೆ. ಬ್ಯಾಂಡ್ ಡರ್ಹಮ್‌ನದು ನಿಜ, ಆದರೆ ಡರ್ಹಮ್ ದೊಡ್ಡ ಊರು. ಒಂದು ಸಂಜೆ ಸುಮ್ಮನೆ ಕೇಳಿದೆ, "ಆಂಟಿ, ನಿಮ್ಮ ಗಂಗಾಳದ ಮೇಲೆ ಏನು ಬರೆಸಿದ್ದರು?"

"ಯಾಕ ಕೇಳ್ತಿ?" ಅಂದರು, ತಕ್ಷಣ.

"ಸುಮ್ಮನೆ."

"ನೀ ಸುಮ್ಮನ ಕೇಳಾಕಿ ಅಲ್ಲ." ಆದರೂ ಹೇಳಿದರು. "ಚಿ. ಸೌ. ಗಿರಿಜಾಗೆ ಅವ್ವ, ಹುಬ್ಬಳ್ಳಿ."

ಕಳೆದ ವರ್ಷ ಮೇ ಕೊನೆಯ ಲಾಂಗ್ ವೀಕೆಂಡಿಗೆ ಅಟ್ಲಾಂಟಾದಲ್ಲಿ ಅಂಕಲ್ ಕಡೆಯವರ ಗೃಹಪ್ರವೇಶವಿತ್ತು. ವ್ಯಾನಿನಲ್ಲಿ ನನಗೂ ಜಾಗ ಸಿಕ್ಕಿತು. ಅದೇ ಭಾನುವಾರ ಮಧ್ಯಾಹ್ನ ಅಲ್ಲಿನ ಒಂದು ಪಾರ್ಕಿನಲ್ಲಿ ಫಾಲ್ಕನರ್ಸ್ ನುಡಿಸುತ್ತಾರೆ ಎಂದು ಡಗ್ ಮೊದಲೇ ಹೇಳಿದ್ದ. ಹೋಮದ ಹೊಗೆಗೆ ಕಣ್ಣುರಿ ಎಂದು ನೆಪ ಹೇಳಿ, ಅನಿತಾಳನ್ನು ಕರೆದುಕೊಂಡು ಹೊರಟೆ. ಅವಳು ದಾರಿಯಲ್ಲಿ, "ಸುಮಾ ಅಕ್ಕ, ಇದು ಬೋರಿಂಗ್ ಆದ್ರೆ ಯೂ ಓ ಮೀ ಐಸ್‌ಕ್ರೀಮ್" ಅಂದಳು.

ಹುಲ್ಲಿನ ಮೇಲೆ ಎಪ್ಪತ್ತು ಎಂಬತ್ತು ಜನ, ನಾಲ್ಕಾರು ನಾಯಿ. ಡೀನಾ ಬರಿಗಾಲಲ್ಲಿ ಹಾಡಿದಳು. ವಾಲ್ಟರ್ ಹಿಡಿಕೆ ತಿರುಗಿಸಿದ. ಕರ್ಟಿಸ್ ಎತ್ತರದ ಆಳು, ಬೂದು ಬಣ್ಣದ ಗಡ್ಡ, ಬಾರಿಸುವಾಗ ಕಣ್ಣು ಮುಚ್ಚುತ್ತಿದ್ದ. ಕೊನೆಯ ಹಾಡಿನಲ್ಲಿ ಎಲ್ಲ ವಾದ್ಯಗಳೂ ಹನ್ನೊಂದರ ಎಣಿಕೆಯಲ್ಲಿ ಓಡಿ ಓಡಿ ಥಟ್ಟನೆ ನಿಂತವು. ಕರ್ಟಿಸ್ ತಿರುಗಿ ಆ ತಟ್ಟೆಗೆ ಒಂದೇ ಏಟು ಕೊಟ್ಟ. ಶಬ್ದ ಎದ್ದು, ಹುಲ್ಲಿನ ಮೇಲೆ ಹರಡಿ, ತೆಳ್ಳಗಾಗುತ್ತ ಹೋಯಿತು. ನಾಯಿಗಳೂ ಸುಮ್ಮನಾದವು. ಅಂಥ ನಾದವನ್ನು ಅನ್ನ ಸಾರು ಬಡಿಸಿಕೊಂಡು ಮುಚ್ಚಿಹಾಕುತ್ತಿದ್ದೆವಲ್ಲ ಎಂದು ಒಂದು ಕ್ಷಣ ಅನ್ನಿಸಿತು.

ಮುಗಿದ ಮೇಲೆ ವೇದಿಕೆ ಹತ್ತಿರ ಹೋಗಿ ಓದಿದೆ. ಚಿ. ಸೌ. ಗಿರಿಜಾಗೆ. ಆಮೇಲೆ ಹಗ್ಗ ಕಟ್ಟಲು ಕೊರೆದ ತೂತು. ಅವ್ವ ಎಂಬಲ್ಲಿ ಅ ಮಾತ್ರ ಉಳಿದಿತ್ತು. ಅದರ ಮುಂದೆ ಹುಬ್ಬಳ್ಳಿ.

"ಇದು ಯಾವ ಮಠದ್ದು?" ಎಂದು ಕರ್ಟಿಸನನ್ನು ಕೇಳಿದೆ.

ಅವನು ಹಗ್ಗ ಬಿಚ್ಚುತ್ತ ಆ ಕಡೆ ಈ ಕಡೆ ನೋಡಿದ. "ಮಠ ವಾಲ್ಟರ್ ಬರೆದದ್ದು. ಅವನ ಹರ್ಡಿ-ಗರ್ಡಿ ಕೂಡ ಅಂಚೆಯಲ್ಲಿ ತರಿಸಿದ್ದು. ನಾನು ಹೇಳಿದೆ ಅಂತ ಹೇಳಬೇಡ."

"ಹಾಗಾದರೆ ಇದು ಎಲ್ಲಿ ಸಿಕ್ಕಿತು?"

ಅವನು ಹೇಳಿದ. ಡರ್ಹಮ್‌ನಲ್ಲಿ ಅವನ ಪಕ್ಕದ ಮನೆಯಲ್ಲಿ ಇಂಡಿಯಾದವರಿದ್ದರು. ಗರಾಜಿನಲ್ಲಿ ಇವರು ಎಷ್ಟು ಗಲಾಟೆ ಮಾಡಿದರೂ ಒಂದು ದಿನ ಪೊಲೀಸರಿಗೆ ಹೇಳಲಿಲ್ಲ. ಒಂದು ಜನವರಿಯಲ್ಲಿ, ತಲೆಗೆ ಸ್ಕಾರ್ಫ್ ಕಟ್ಟಿದ ಒಬ್ಬ ಹೆಂಗಸು ಐಸಿನ ಮೇಲೆ ಜೋಪಾನವಾಗಿ ನಡೆದು ಬಂದು, ಪಕ್ಕದ ಮನೆಯವರು ಇದನ್ನು ನಿಮಗೆ ಕಳಿಸಿದ್ದಾರೆ ಎಂದು ಎರಡೂ ಕೈಯಲ್ಲಿ ಕೊಟ್ಟಳು. "ಸಿಹಿ ರೊಟ್ಟಿ ಒಂದು ದಿನದಲ್ಲಿ ತಿಂದೆವು. ಆಮೇಲೆ ತಟ್ಟೆ ತೊಳೆಯುವಾಗ ಚಮಚ ತಾಗಿತು. ಅವತ್ತಿನವರೆಗೆ ನಮ್ಮ ಬ್ಯಾಂಡಿಗೆ ಹಾಡು ಮುಗಿಸೋದು ಗೊತ್ತಿರಲಿಲ್ಲ. ಅಷ್ಟು ದೊಡ್ಡ ಉಡುಗೊರೆ ಯಾರೂ ನನಗೆ ಕೊಟ್ಟಿಲ್ಲ. ಥ್ಯಾಂಕ್ಸ್ ಹೇಳೋಕೆ ಒಂದು ಪೈ ಮಾಡಿಕೊಂಡು ಹೋದೆ, ಮನೆ ಖಾಲಿಯಾಗಿತ್ತು."

ಅದು ಉಡುಗೊರೆಯಲ್ಲ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಏನು ಬರೆದಿದೆ ಎಂದು ಅವನು ಕೇಳಿದ. ತಾಯಿಯೊಬ್ಬಳು ಮಗಳಿಗೆ ಕೊಟ್ಟದ್ದು ಎಂದಷ್ಟೇ ಹೇಳಿದೆ. ಅವನು ಹೆಬ್ಬೆರಳಿನಲ್ಲಿ ತೂತನ್ನು ಸವರಿದ.

ಅನಿತಾಗೆ ಗುಟ್ಟು ನಿಲ್ಲುವುದಿಲ್ಲ ಎಂಬ ನನ್ನ ಅನುಮಾನ ನಿಜವಾಯಿತು. ಮರುದಿನ ವಾಪಸ್ ಹೊರಟು, ವ್ಯಾನು ಸೌತ್ ಕ್ಯಾರೊಲೈನಾ ದಾಟುವ ಮುಂಚೆಯೇ, "ಮಾಮ್, ನಿನ್ನ ಪ್ಲೇಟ್ ಇಸ್ ಇನ್ ಎ ಬ್ಯಾಂಡ್" ಅಂದಳು. ಮಿಕ್ಕದ್ದನ್ನು ನಾನು ಹೇಳಬೇಕಾಯಿತು. ಆಂಟಿ ಪೂರ್ತಿ ಕೇಳಿದರು. ಎರಡು ಸಲ ಮಾತ್ರ ನಡುವೆ ಬಾಯಿ ಹಾಕಿದರು.

"ಪಕ್ಕದ ಮನೀ ಗಡ್ಡದಾಂವ?"

"ಹೂಂ ಆಂಟಿ."

"ನಸೀಮಾ ಅಂವಗ ಕೊಟ್ಟು ಬಂದಿದ್ಲು?"

"ನೀವು ಹೇಳಿದ ಹಾಗೇ."

ಅಂಕಲ್ ಮೆಲ್ಲಗೆ, "ಆರು ವರ್ಷ ನನ್ನ ಮ್ಯಾಲೂ ಅನುಮಾನ ಇತ್ತಲ್ಲ" ಅಂದರು.

"ನೀವು ಸುಮ್ಮನ ಗಾಡಿ ಹೊಡೀರಿ" ಅಂದರು ಆಂಟಿ. ಆಮೇಲೆ ಷಾರ್ಲೆಟ್ ಬಂತು, ಹೋಯಿತು. ಗ್ರೀನ್ಸ್‌ಬರೊ ಹೋಯಿತು. ಡರ್ಹಮ್‌ನ ಬೋರ್ಡ್ ಕಂಡಾಗ ಆಂಟಿ ಹೊರಗೆ ನೋಡುತ್ತಲೇ, "ಇಲ್ಲೆ ಎಕ್ಸಿಟ್ ತಗೋರಿ" ಅಂದರು.

ನಸೀಮಾ ಆಂಟಿ ಅದೇ ಮನೆಯಲ್ಲಿದ್ದರು. ಬಾಗಿಲು ತೆರೆದು, ನಮ್ಮೆಲ್ಲರನ್ನೂ ಒಂದು ಸಲ ನೋಡಿ, "ಬಾ ಗಿರಿಜಾ" ಅಂದರು. ಆಶ್ಚರ್ಯ ತೋರಿಸಲಿಲ್ಲ, ನಗಲೂ ಇಲ್ಲ. ಅನಿತಾಳ ತಲೆ ಮುಟ್ಟಿ, "ಕೂದಲು ಯಾಕಮ್ಮ ಕಟ್ ಮಾಡಿಸ್ಬಿಟ್ಟೆ?" ಅಂದರು. ಟೀ ಆಯಿತು. ಅಂಕಲ್ ಹವೆಯ ವಿಷಯ ಮಾತಾಡಿದರು, ಅದು ಬೇಗ ಮುಗಿಯಿತು.

ಕಡೆಗೆ ಗಿರಿಜಾ ಆಂಟಿ ಕಪ್ಪು ಕೆಳಗಿಟ್ಟು, "ನಸೀಮಾ, ನನ್ನ ಗಂಗಾಳ," ಎಂದು ಶುರು ಮಾಡಿದರು.

"ಕರ್ಟಿಸ್ ಹತ್ರ ಇದೆ. ತೂತು ಬೇರೆ ಹಾಕ್ಬಿಟ್ಟಿದ್ದಾನೆ."

"ನಿನಗ ಗೊತ್ತಿತ್ತೇನು?"

"ನಾಲ್ಕು ವರ್ಷ ಆಯ್ತು. ಇಲ್ಲೇ ಲಾನ್ ಮೇಲೆ ನುಡಿಸ್ತಿದ್ರು, ಕಂಡೆ. ಅವತ್ತು ಕೊಟ್ಟಾಗ ವಾಪಸ್ ತಂದುಕೊಡ್ತಾನೆ ಅಂದ್ಕೊಂಡಿದ್ದೆ. ಎದೆಗೆ ಒತ್ತಿ ಹಿಡ್ಕೊಂಡಿದ್ದ ಕಣೆ. ಹೋಳಿಗೆ ಬೇರೆ ತಟ್ಟೆಗೆ ಹಾಕ್ಕೊಂಡು ಇದನ್ನ ಕೊಡಪ್ಪ ಅಂತ ಹ್ಯಾಗೆ ಹೇಳ್ಲಿ?"

"ಗೊತ್ತಿದ್ದೂ ನನಗ್ಯಾಕ ಹೇಳಲಿಲ್ಲ?"

"ನೀನ್ಯಾಕೆ ಕೇಳ್ಲಿಲ್ಲ?"

ಗಿರಿಜಾ ಆಂಟಿ ಸೆರಗಿನ ತುದಿ ಮಡಿಸಿದರು. "ಕೇಳಿದ್ರ ನಿನ್ನ ಮ್ಯಾಲೆ ಅನುಮಾನ ಪಟ್ಟಂಗ ಆಗ್ತಿತ್ತು."

"ಕೇಳದೆ ಇದ್ದಿದ್ದಕ್ಕೆ ಏನಾಯ್ತು?"

ಎಲ್ಲಕ್ಕೂ ಗಂಟೆ ಬರೆದಿಡುವ ನಾನು ಆ ಹೊತ್ತಿಗೆ ಗೋಡೆಯ ಗಡಿಯಾರದ ಕಡೆಗೂ ನೋಡಲಿಲ್ಲ. ಗಿರಿಜಾ ಆಂಟಿ ಅಳಲಿಲ್ಲ. "ತಪ್ಪಾತು" ಅಂದರು. ನಸೀಮಾ ಆಂಟಿ "ಹೂಂ" ಅಂದರು. ಆಗಲಿ ಬಿಡು ಎಂದು ಅನ್ನಲಿಲ್ಲ.

ಹೊರಡುವಾಗ ದಾರಿಗೆ ಅಂತ ನಸೀಮಾ ಆಂಟಿ ಬಿರಿಯಾನಿ ಕಟ್ಟಿಕೊಟ್ಟರು. ಅಂಗಡಿಯಲ್ಲಿ ಸಿಗುವ, ತಿಂದು ಎಸೆಯುವ ಅಲ್ಯುಮಿನಿಯಮ್ ಟ್ರೇಯಲ್ಲಿ. "ವಾಪಸ್ ಕೊಡೋ ತಾಪತ್ರಯ ಇಲ್ಲ ಇದಕ್ಕೆ" ಅಂದರು. ಮಾತು ಮೆತ್ತಗಿತ್ತು. ನನಗೇ ಚುಚ್ಚಿತು.

ಗಿರಿಜಾ ಆಂಟಿ ಬಾಗಿಲ ಹತ್ತಿರ ಟ್ರೇ ಹಿಡಿದುಕೊಂಡು ನಿಂತರು. ಅಂಕಲ್ ಆಗಲೇ ಗಾಡಿ ಶುರು ಮಾಡಿದ್ದರು. ಆಂಟಿ ತಿರುಗಿ ಒಳಗೆ ಬಂದು, ಟ್ರೇಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

"ಇದರಾಗ ಬ್ಯಾಡ. ಸ್ಟೀಲಿನ ಡಬ್ಬಿಯೊಳಗ ಹಾಕಿ ಕೊಡು."

"ಯಾಕೆ?"

"ನಾ ತಂದು ಕೊಡಬೇಕು."

ನಸೀಮಾ ಆಂಟಿ ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಕೊಡುವುದಿಲ್ಲ ಎಂದೇ ನಾನು ಅಂದುಕೊಂಡೆ. ಆಮೇಲೆ ಕುರ್ಚಿ ಎಳೆದು ಹತ್ತಿ, ಮೇಲಿನ ಕಪಾಟಿನ ಹಿಂದಿನಿಂದ ಒಂದು ದೊಡ್ಡ ಡಬ್ಬಿ ತೆಗೆದರು. ಮುಚ್ಚಳದ ಮೇಲೆ ಚುಕ್ಕಿಯಲ್ಲಿ ಅವರ ಹೆಸರು, ಮೈಸೂರು ಎಂದು ಊರಿನ ಹೆಸರು. ಬಿರಿಯಾನಿ ತುಂಬಿಸಿ, ಮುಚ್ಚಳ ಒತ್ತಿ, "ಬಕ್ರೀದ್ ಒಳಗೆ ಬೇಕು ನನಗೆ. ಇರೋದೇ ಇದೊಂದು" ಅಂದರು. ಕಪಾಟಿನಲ್ಲಿ ಅಂಥವು ಸಾಲಾಗಿ ಇದ್ದುದನ್ನು ನಾನೂ ನೋಡಿದೆ, ಗಿರಿಜಾ ಆಂಟಿಯೂ ನೋಡಿದರು.

ಇನ್ನು ಓದುಗರಲ್ಲಿ ಒಂದು ಕೋರಿಕೆ. ಈ ಬ್ಯಾಂಡಿನ ಚರಿತ್ರೆ ನನ್ನ ಹತ್ತಿರ ಅರ್ಧಕ್ಕೆ ನಿಂತಿದೆ. ಕಳೆದ ಚಳಿಗಾಲದಲ್ಲಿ ಅವರು ಒಡೆದು ಬೇರೆಯಾದರು ಎನ್ನುತ್ತಾನೆ ಡಗ್, ಯಾರು ಹೇಳಿದರು ಎಂದರೆ ಅವನಿಗೆ ನೆನಪಿಲ್ಲ. ಐದು ಜನರಿಗೆ ಮೂವರ ಹೆಸರೇಕೆ, ಡೀನಾಳ ಅಜ್ಜಿ ನಿಜವಾಗಿ ಇದ್ದಳೇ, ಆ ಹಾಡುಗಳಲ್ಲಿ ಹಳೆಯವು ಎಷ್ಟು, ಗರಾಜಿನಲ್ಲಿ ಕಟ್ಟಿದವು ಎಷ್ಟು, ಇವು ಯಾವುದೂ ನನಗೆ ತಿಳಿದಿಲ್ಲ. ಮುಖ್ಯವಾಗಿ ಕರ್ಟಿಸ್ ಈಗ ಎಲ್ಲಿದ್ದಾನೆ ಎಂದು ಬೇಕಾಗಿದೆ. ಬರುವ ಸಂಕ್ರಾಂತಿಗೆ ಅವನನ್ನು ಊಟಕ್ಕೆ ಕರೆಯಬೇಕೆಂದು ಇಬ್ಬರು ಹೆಂಗಸರು ಹಟ ಹಿಡಿದಿದ್ದಾರೆ. ಗಂಗಾಳ ಅವನಿಗೇ ಇರಲಿ ಎನ್ನುವುದು ಒಬ್ಬರ ವಾದ. ತರಲಿ, ಅವನಿಗೆ ಅದರಲ್ಲೇ ಬಡಿಸೋಣ, ಆಮೇಲೆ ನೋಡೋಣ ಎನ್ನುವುದು ಇನ್ನೊಬ್ಬರದು. ಡರ್ಹಮ್, ಅಟ್ಲಾಂಟಾ ಕಡೆಯ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಸುದ್ದಿ ಯಾರಿಂದ ಕೇಳಿದ್ದು, ಯಾವ ತಾರೀಖಿಗೆ ಎಂಬುದನ್ನೂ ಸೇರಿಸಿದರೆ ನಂಬಲು ಪ್ರಯತ್ನಿಸುತ್ತೇನೆ.